ಯಾರಿಗೂ ಇಲ್ಲವೆನ್ನದ ಉದ್ದ ಕಂಬಿಯವರಿಗೆ

ಮೇ ತಿಂಗಳು, ೧೯೭೪

ಮಾನ್ಯ ಕಂಬಿಯವರೇ,

ನಮ್ಮೂರಿನ ಅಂಚೆ ಕಚೇರಿಯ ಟ್ರಂಕ್ ಕಾಲ್ ಮೇಜಿನ ಮೇಲೆ, ಮರದ ತುಂಡೊಂದರಲ್ಲಿ ನೆಟ್ಟಗೆ ನಿಂತು, ಬಂದ ಬಂದ ಚೀಟಿಯನ್ನೆಲ್ಲ ಚೂಪಾದ ತಲೆಯಿಂದ ಒಡಲಿಗೆ ಇಳಿಸಿಕೊಳ್ಳುವ ತಮಗೆ, ಇದೇ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಕನಕಲಕ್ಷ್ಮಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ನೋಡಿದಾಗ ಬುಡದ ಹತ್ತಿರ ಕೊಂಚ ತುಕ್ಕು ಕಂಡಿತು. ಜವಾಬ್ದಾರಿ ಹೊತ್ತವರಿಗೆ ಅದು ಸಹಜವೆಂದು ಸಮಾಧಾನ ಮಾಡಿಕೊಂಡೆ. ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ತಮಗೆ ಅದು ಗೊತ್ತು, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನವರಿಗೂ ಗೊತ್ತು. ಮಿಕ್ಕವರಿಗೆ ತಿಳಿಸಬೇಕೆಂದರೆ ಫೋನ್ ಮಾಡಬೇಕಾಗುತ್ತದೆ.

ಈ ದೂರನ್ನು ತಮ್ಮ ಮೇಲಧಿಕಾರಿಗಳಿಗೆ ಬರೆಯಬಹುದಾಗಿತ್ತು. ಬರೆಯಲು ಕುಳಿತೂ ಇದ್ದೆ. ಆದರೆ ಯೋಚಿಸುತ್ತ ಹೋದಂತೆ, ಪೋಸ್ಟ್‌ಮಾಸ್ಟರರಾಗಲಿ ಆಪರೇಟರ್ ಪುಟ್ಟರಾಜು ಅವರಾಗಲಿ ಇಲ್ಲಿ ಏನನ್ನೂ ತೀರ್ಮಾನಿಸುತ್ತಿಲ್ಲವೆಂದೂ, ಯಾರ ಮಾತು ಇಂದು ಹೋಗಬೇಕು, ಯಾರದು ಮುಂದಿನ ವಾರ, ಯಾರದು ಎಂದಿಗೂ ಬೇಡ ಎಂಬುದೆಲ್ಲ ತಮ್ಮ ಉದ್ದದಿಂದಲೇ ತೀರ್ಮಾನವಾಗುತ್ತಿದೆಯೆಂದೂ ಮನಸ್ಸಿಗೆ ಬಂತು. ಆದ್ದರಿಂದ ನೇರವಾಗಿ ತಮಗೇ ಬರೆಯುವುದು ಮರ್ಯಾದೆ ಎನಿಸಿತು.

ತಮಗಿಂತ ಮೊದಲು ಈ ಸ್ಥಾನದಲ್ಲಿದ್ದ ಕಂಬಿ ಒಂದು ಗೇಣಿನದು. ಆಗಿನ ಆಪರೇಟರ್ ಕಸ್ತೂರಿರಂಗ ಅವರು, ಚೀಟಿಗಳು ತುದಿ ಮುಟ್ಟಿದವೆಂದರೆ ಪೆನ್ನಿನ ಕ್ಯಾಪು ಮುಚ್ಚಿ, ಕನ್ನಡಕದ ಮೇಲಿನಿಂದ ನೋಡಿ, "ಕಂಬಿ ತುಂಬ್ತು. ಇವತ್ತಾಗಲ್ಲ. ಬಸ್ಸಿದೆ, ಹತ್ತಿ," ಎನ್ನುತ್ತಿದ್ದರು. ಅವರ ಬಾಯಿಂದ ಇದಕ್ಕಿಂತ ಉದ್ದದ ಮಾತು ಕೇಳಿದವರು ಊರಿನಲ್ಲಿ ಇದ್ದಂತಿಲ್ಲ. ಜನ ಅವರನ್ನು ಬೈದುಕೊಂಡು ಬಸ್ಸು ಹತ್ತುತ್ತಿದ್ದರು, ಮಂಡ್ಯದಲ್ಲಿ ಇಳಿದು ಹೇಳಬೇಕಾದುದನ್ನು ಹೇಳಬೇಕಾದವರ ಎದುರಿಗೇ ನಿಂತು ಹೇಳಿ, ಸಂಜೆಗೆ ವಾಪಸು ಬಂದು ಅರಳೀಕಟ್ಟೆಯ ಮೇಲೆ ಕುಳಿತು ಮತ್ತೊಮ್ಮೆ ಬೈಯುತ್ತಿದ್ದರು. ಈ ಏರ್ಪಾಡಿನಲ್ಲಿ ಎಲ್ಲರ ಕೆಲಸವೂ ಆಗುತ್ತಿತ್ತೆಂಬ ಸಂಗತಿ ಬೈಗುಳದ ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಕೊನೆಗೆ ರೈಸ್‌ಮಿಲ್ಲಿನ ಸಂಪತ್ ಕುಮಾರ ಅವರು, "ಮರ್ಯಾದಸ್ಥರನ್ನ ಬಾಗಿಲಿಂದ ವಾಪಸ್ ಕಳಿಸೋಕೆ ಇವನ್ಯಾವ ದಿವಾನ?" ಎಂದು ಕೇಳಿ ಒಂದು ಮನವಿ ಬರೆಸಿದರು. ಊರವರೆಲ್ಲ ಸಹಿ ಹಾಕಿದೆವು. ಟ್ರಂಕ್ ಕಾಲ್ ಕೇಳಿ ಬಂದ ಯಾವ ನಾಗರಿಕನಿಗೂ ಇಲ್ಲವೆನ್ನಕೂಡದು ಎಂಬುದು ಅದರ ಸಾರ. ಸರ್ಕಾರಕ್ಕೆ ಬರೆದ ಮನವಿಯೊಂದು ಅಕ್ಷರಶಃ ನೆರವೇರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಸ್ತೂರಿರಂಗರಿಗೆ ವರ್ಗವಾಯಿತು. ಯಾರ ಮನಸ್ಸನ್ನೂ ನೋಯಿಸಲಾರದ ಪುಟ್ಟರಾಜು ಬಂದರು. ಸಂಪತ್ ಕುಮಾರರು ಕುಲುಮೆಯಲ್ಲಿ ನಿಂತು ಹೊಡೆಸಿ ದಾನ ಕೊಟ್ಟ, ಮೊಳಕ್ಕೂ ಮೀರಿದ ತಾವು ಬಂದಿರಿ. ಆಯುಧಪೂಜೆಯ ದಿನ ತಮಗೆ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಎಲ್ಲರಿಗೂ ಕಡಲೆಪುರಿ ಹಂಚಲಾಯಿತು. ನಮ್ಮೂರಿನ ಟೆಲಿಫೋನು ದೊಡ್ಡದಾಯಿತೆಂದು ಅಂದು ಎಲ್ಲರಿಗೂ ಅನ್ನಿಸಿತು. ಹೊರಗೆ ಕಂಬಗಳ ಮೇಲೆ ಮದ್ದೂರಿನ ಕಡೆ ಹೋಗುವ ತಂತಿ ಮಾತ್ರ ಹಿಂದಿನಂತೆ ಒಂದೇ ಇತ್ತು, ಅದರಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತು ಮಾತ್ರ ಹೋಗುತ್ತಿತ್ತು. ಕೈಗೆ ಎಟುಕದ ಎತ್ತರದಲ್ಲಿದ್ದುದರಿಂದ ಅದಕ್ಕೆ ಯಾರೂ ಕುಂಕುಮ ಇಡಲಿಲ್ಲ.

ತಮ್ಮ ಔದಾರ್ಯವನ್ನು ವರ್ಣಿಸಲು ನನ್ನ ಕನ್ನಡ ಸಾಲದು. ಆಲೆಮನೆಗಳ ಕಾಲದಲ್ಲಿ ಮಂಡ್ಯದ ಬೆಲ್ಲದ ದರ ಕೇಳಲು ಬರುವವರು, ಲಗ್ನದ ತಿಂಗಳುಗಳಲ್ಲಿ ಓಲಗದವರನ್ನು ಹುಡುಕುವವರು, ವರ್ಗಾವರ್ಗಿಯ ಕಾಲದಲ್ಲಿ ನಮ್ಮಂಥ ನೌಕರರು, ಎಲ್ಲರನ್ನೂ ತಾವು ಒಂದೇ ಸಮನಾಗಿ ಬರಮಾಡಿಕೊಂಡಿರಿ. ಕಾದು ನಿಲ್ಲಲು ಯಾರಿಗೂ ಪುರುಸೊತ್ತಿಲ್ಲವೆಂದು, ಹೇಳಬೇಕಾದ ಸಮಾಚಾರವನ್ನು ಚೀಟಿಯ ಮೇಲೆಯೇ ಗುರುತು ಹಾಕಿಕೊಂಡು, ತಂತಿ ಬಿಡುವಾದಾಗ ಆಪರೇಟರೇ ಓದಿ ಹೇಳುವ ಪದ್ಧತಿಯನ್ನು ಪುಟ್ಟರಾಜು ಜಾರಿಗೆ ತಂದರು. ಅಲ್ಲಿಂದ ಮುಂದೆ ಬೆಲ್ಲದ ವ್ಯಾಪಾರಿಗಳಿಗೆ ದರ ತಪ್ಪದೆ ಸಿಗುತ್ತಿದೆ, ಹೋದ ವಾರದ್ದಾದರೂ ಸರಿ. ಓಲಗದವರಿಗೆ ಕರೆ ಮುಟ್ಟುವ ಹೊತ್ತಿಗೆ ಹೆಣ್ಣು ಗಂಡನ ಮನೆ ಸೇರಿ ಒಂದು ಸುತ್ತು ತವರಿಗೂ ಬಂದು ಹೋಗಿರುತ್ತಾಳೆ.

ತಮ್ಮ ಶರೀರದ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ತಲೆಯಿಂದ ಇಳಿದ ಚೀಟಿ ತಲೆಯಿಂದಲೇ ಹೊರಗೆ ಬರಬೇಕು, ಬುಡದಲ್ಲಿ ಬಾಗಿಲಿಲ್ಲ. ಹಳೆಯ ಗೇಣುದ್ದದ ಕಂಬಿಯಿಂದ ಕಸ್ತೂರಿರಂಗರು ಆಗಾಗ ಎಲ್ಲವನ್ನೂ ತೆಗೆದು, ಮಗುಚಿ, ಮೊದಲು ಬಂದದ್ದನ್ನು ಮೇಲಕ್ಕೆ ತರುತ್ತಿದ್ದರು. ತಮ್ಮಂಥ ಉನ್ನತ ವ್ಯಕ್ತಿಯನ್ನು ಮಗುಚುವುದು ಯಾರಿಂದ ಸಾಧ್ಯ? ಹೀಗಾಗಿ ಈಗಷ್ಟೇ ಬಂದವರ ಚೀಟಿ ಮೊದಲು ಹೋಗುತ್ತದೆ. ನಂಬಿಕೆಯಿಂದ ಚೀಟಿ ಕೊಟ್ಟು ಮನೆಗೆ ಹೋದವರದು ದಿನದಿನಕ್ಕೂ ಕೆಳಗೆ ಇಳಿಯುತ್ತದೆ. ಇದನ್ನು ಊರು ಬಹಳ ಬೇಗ ಅರ್ಥಮಾಡಿಕೊಂಡಿತು. ಒಂದೇ ಸಮಾಚಾರಕ್ಕೆ ದಿನಾ ಬೆಳಿಗ್ಗೆ ಬಂದು ಹೊಸದಾಗಿ ಬುಕ್ ಮಾಡತೊಡಗಿದರು. ಹಳೆಯ ಚೀಟಿಯನ್ನು ಯಾರೂ ವಾಪಸು ಪಡೆಯಲಿಲ್ಲ. ತಾವು ಅದನ್ನೂ ಇಟ್ಟುಕೊಂಡಿರಿ, ಇದನ್ನೂ ಇಟ್ಟುಕೊಂಡಿರಿ.

ಇದರ ಫಲವನ್ನು ನಮ್ಮ ಶಾಲೆಗೆ ಹಾಲು ಹಾಕುವ ಚಿಕ್ಕಬೋರಮ್ಮ ಅನುಭವಿಸಿದ್ದಾರೆ. ಅವರ ಎಮ್ಮೆ ಈದಿತು. ಕೊತ್ತತ್ತಿಯಲ್ಲಿರುವ ಆಕೆಯ ತಮ್ಮ ದೊಡ್ಡಸಿದ್ದಯ್ಯನಿಗೆ ಗಿಣ್ಣುಹಾಲೆಂದರೆ ಪ್ರಾಣ; ಬಂದು ತೆಗೆದುಕೊಂಡು ಹೋಗು ಎಂದು ಆಕೆ ಬುಕ್ ಮಾಡಿದರು, ಮರುದಿನವೂ ಮಾಡಿದರು, ಅದರ ಮರುದಿನವೂ ಮಾಡಿದರು. ಗಿಣ್ಣು ಮುಗಿದು ಹಾಲು ತಿಳಿಯಾದ ಮೇಲೆ ಒಂದು ಚೀಟಿ ಕೊತ್ತತ್ತಿಗೆ ಮುಟ್ಟಿತು. ಆತ ಕ್ಯಾನು ಹಿಡಿದು ಮಂಡ್ಯ, ಮದ್ದೂರು ದಾಟಿ ಎರಡು ಬಸ್ಸು ಬದಲಾಯಿಸಿ ಬಂದು, ಮಜ್ಜಿಗೆ ಕುಡಿದು ಹೋದ. ಮುಂದಿನ ವಾರ ಇನ್ನೊಂದು ಚೀಟಿ ಮುಟ್ಟಿತು. ಇನ್ನೊಂದು ಎಮ್ಮೆಯೂ ಈದಿರಬೇಕೆಂದು ಮತ್ತೆ ಬಂದ. ಮೂರನೆಯ ಸಲ ಬಂದಾಗ ಅಕ್ಕತಮ್ಮಂದಿರ ಸಂಭಾಷಣೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ನಡೆದದ್ದರಿಂದ ಅದನ್ನು ತಾವೂ ಕೇಳಿಸಿಕೊಂಡಿರಬೇಕು.

"ಏನಕ್ಕೋ, ನಿಮ್ಮೆಮ್ಮೆ ವಾರಕ್ಕೊಂದು ಕರ ಆಕ್ತದಾ?"

"ಅದೇ ಎಮ್ಮೆ, ಅದೇ ಕರ ಕಣ್ಲಾ! ಈದಿದ್ದು ಒಂದ್ಸಲ, ಯೋಳಿದ್ದು ಮೂರ್ಸಲ!"

"ಮೂರ್ಸಲ ಯಾಕ್ ಯೋಳಕ್ಕೋದೆ? ನಾನೇನ್ ಕಿವುಡನಾ?"

"ಒಂದ್ಸಲ ಯೋಳಿದ್ರೆ ಓಯ್ತದೇನ್ಲಾ ಇಲ್ಲಿ? ಒಳಕ್ಕೋಗಿ ಆ ಕಂಬಿ ನೋಡು, ಎಲ್ಲಾನೂ ನುಂಗ್ಕಂಡು ಎಂಗ್ ನಿಂತದೆ ಅಂತ!"

ಇದನ್ನು ಕೇಳಿ ಕೌಂಟರಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಇಲ್ಲದ ಆ ಎರಡು ಕರುಗಳು ನಮ್ಮ ಒಂದೇ ತಂತಿಯ ಮೇಲೆ ನಿಧಾನವಾಗಿ ಕೊತ್ತತ್ತಿಯವರೆಗೆ ನಡೆದುಹೋಗುವಷ್ಟು ಹೊತ್ತು, ಅವುಗಳ ಹಿಂದೆ ಎಷ್ಟು ನಿಜವಾದ ಮಾತುಗಳು ಕಾದು ನಿಂತಿದ್ದವೋ ಎಂಬುದು ನನಗೆ ಹೊಳೆದದ್ದು ಆಮೇಲೆ. ಅವುಗಳಲ್ಲಿ ನನ್ನದೂ ಒಂದಿತ್ತು.

ಈಗ ನನ್ನ ದೂರಿಗೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಒಂದು ಸೋಮವಾರ ಮಂಡ್ಯದ ವಿದ್ಯಾ ಇಲಾಖೆಯ ಕಚೇರಿಯಿಂದ ಕಾಗದ ಬಂತು. ನಮ್ಮ ಶಾಲೆಯನ್ನು ಪರೀಕ್ಷಾ ಕೇಂದ್ರವಾಗಿ ಇಟ್ಟುಕೊಳ್ಳಬೇಕಾದರೆ ಬೆಂಚುಗಳು ಸಾಕಷ್ಟಿವೆಯೆಂದು ಬುಧವಾರದೊಳಗೆ ಫೋನಿನ ಮೂಲಕವಾದರೂ ತಿಳಿಸತಕ್ಕದ್ದು, ತಪ್ಪಿದರೆ ನಮ್ಮ ಹುಡುಗಿಯರನ್ನು ಮದ್ದೂರಿನ ಕೇಂದ್ರಕ್ಕೆ ಸೇರಿಸಲಾಗುವುದು ಎಂದು ಅದರಲ್ಲಿತ್ತು. ಬೆಂಚುಗಳಿದ್ದವು. ನಾನು ಕಾಗದ ಹಿಡಿದು ಅಂಚೆ ಕಚೇರಿಗೆ ಬಂದಾಗ ಹೊರಗೆ ಬಸ್ಸು ನಿಂತಿತ್ತು, ಕಂಡಕ್ಟರು ಮದ್ದೂರು, ಮಂಡ್ಯ ಎಂದು ಕೂಗುತ್ತಿದ್ದ. ಕಾಲ್ ಸಿಗುವುದು ಅನುಮಾನವಾದರೆ ಬಸ್ಸಿನಲ್ಲೇ ಹೋಗಿಬಿಡುತ್ತೇನೆ ಎಂದು ಪುಟ್ಟರಾಜು ಅವರಿಗೆ ಹೇಳಿದೆ.

"ಅಯ್ಯೋ, ಈ ಬಿಸಿಲಲ್ಲಿ ಯಾಕ್ ಒದ್ದಾಡ್ತೀರ ಮೇಡಮ್ಮೋರೆ? ಬುಕ್ ಮಾಡ್ಕಂಡಿವ್ನಿ ಬುಡಿ. ಕಂಬಿ ಮ್ಯಾಲೆ ಬಂತು ಅಂದ್ರೆ ಮಂಡ್ಯಕ್ಕೆ ಓದಂಗೇಯ," ಎಂದು ಅವರು ನನ್ನ ಕಣ್ಣೆದುರಿಗೇ ಚೀಟಿಯನ್ನು, ಕಂಬಿಯವರೇ, ತಮ್ಮ ಮೇಲೆ ಚುಚ್ಚಿದರು. ಬಸ್ಸು ಹೊರಟುಹೋಯಿತು.

ಮಂಗಳವಾರ ವಿಚಾರಿಸಿದೆ. ಕಂಬೀಲೇ ಅದೆ ಎಂದರು. ಬುಧವಾರ ಬೆಳಿಗ್ಗೆಯೂ ಅಲ್ಲೇ ಇತ್ತು. ಪಕ್ಕದಲ್ಲಿದ್ದ ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮದನ್ನು ಮತ್ತೆ ಬುಕ್ ಮಾಡುತ್ತ, ನೀವೂ ಹೊಸದು ಹಾಕ್ಸಿ ಮೇಡಂ, ಮೇಲಿರ್ತದೆ ಎಂದು ಸಲಹೆ ಕೊಟ್ಟರು. ನಾನು ಹಾಕಿಸಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಇಂಗ್ಲಿಷಿಗಿಂತ ಮೊದಲು ಕಲಿಸಿದ್ದು ಸಾಲಿನಲ್ಲಿ ನಿಲ್ಲುವುದನ್ನು. ಒಂದೇ ಕೆಲಸಕ್ಕೆ ಎರಡು ಚೀಟಿ ಹಾಕುವುದು ಮುಂದೆ ಇರುವವರ ಸರದಿಯನ್ನು ಕದಿಯುವುದೆಂದು ನನಗೆ ಅನ್ನಿಸಿತು. ಅದು ಸದ್ಗುಣವೋ, ಸಂಕೋಚವೋ, ಎಲ್ಲರಂತಲ್ಲ ನಾನು ಎಂಬ ಸಣ್ಣ ಜಂಬವೋ, ಇಂದಿಗೂ ನನಗೆ ಖಚಿತವಿಲ್ಲ. ಸರದಿಯೇ ಇಲ್ಲದ ಕಡೆ ಸರದಿ ಕಾಯುವವರಿಗೆ ಏನೆನ್ನುತ್ತಾರೋ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

ನನ್ನ ಕರೆ ಮಂಡ್ಯಕ್ಕೆ ಮುಟ್ಟಿತು. ಪರೀಕ್ಷೆ ಮುಗಿದ ಮೇಲೆ ಮುಟ್ಟಿತು. ಬೆಂಚುಗಳು ಇವೆ ಎಂದು ಪುಟ್ಟರಾಜು ಸ್ಪಷ್ಟವಾಗಿ ಓದಿ ಹೇಳಿದರಂತೆ. ಆ ಕಡೆಯ ಗುಮಾಸ್ತರು, ಸಂತೋಷ, ಎಂದರಂತೆ.

ಅಷ್ಟರಲ್ಲಿ ನಮ್ಮ ಹುಡುಗಿಯರು ದಿನಾ ಬೆಳಿಗ್ಗೆ ನನ್ನೊಡನೆ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ಪರೀಕ್ಷೆ ಬರೆದು ಬಂದಿದ್ದರು, ಮಲ್ಲಿಗಮ್ಮ ಒಬ್ಬಳನ್ನು ಬಿಟ್ಟು. ಈ ಹುಡುಗಿ ಪಕ್ಕದ ಹಳ್ಳಿಯ ಕಬ್ಬಿನ ಗದ್ದೆಗಳ ಬದುವಿನ ಮೇಲೆ ನಡೆದು ಶಾಲೆಗೆ ಬರುವವಳು. ಅವಳ ಮನೆಯಲ್ಲಿ ಹತ್ತನೆಯ ತರಗತಿ ಮುಟ್ಟಿದ ಮೊದಲನೆಯ ಹೆಣ್ಣು. ಹಾಲ್ ಟಿಕೆಟಿನಲ್ಲಿ ಮದ್ದೂರು ಎಂದಿದ್ದುದನ್ನು ಕೇಳಿ ಅವಳ ತಂದೆ ಕರಿಯಪ್ಪ ಕಳಿಸುವುದಿಲ್ಲವೆಂದರು. ನಾನು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಕುಡಿಯಲು ಕಬ್ಬಿನಹಾಲು ಕೊಟ್ಟು, ಆಮೇಲೆ ಹೇಳಿದರು:

"ಇಲ್ಲೇ ನಮ್ಮ ಸ್ಕೂಲಲ್ಲಾಗಿದ್ರೆ ನಾನೇ ಕರ್ಕಂಬಂದು, ಮುಗಿಯೋಗಂಟ ಬಾಗ್ಲಲ್ಲಿ ಕುಂತಿರ್ತಿದ್ದೆ. ವಯಸ್ಗೆ ಬಂದ ಎಣ್ಣು ದಿನಾ ಬಸ್ನಾಗೆ ಜೋತಾಡ್ಕಂಡು ಮದ್ದೂರ್ಗೆ ಓಗದು ಆಗಕ್ಕಿಲ್ಲ ಮೇಡಮ್ಮೋರೆ."

"ಜೊತೆಯಲ್ಲಿ ನಾನಿರುತ್ತೇನಲ್ಲ," ಎಂದೆ.

"ನೀವಿರ್ತೀರಿ ಕಣಮ್ಮ, ಇಲ್ಲ ಅನ್ನಕ್ಕಿಲ್ಲ. ಬಸ್ನಾಗೆ ಊರ್ನೋರೂ ಇರ್ತಾರಲ್ಲ."

ಕರಿಯಪ್ಪ ಕೆಟ್ಟವರಲ್ಲ. ಇಲ್ಲವೆನ್ನಬೇಕಾದಾಗ ಇಲ್ಲವೆನ್ನುತ್ತಾರೆ, ಹಾಗಾಗಿ ನಾವು ಮುಂದಿನ ದಾರಿ ನೋಡಬಹುದು. ತಮಗೆ ಹೋಲಿಸಿದರೆ ಅದೊಂದು ದೊಡ್ಡ ಉಪಕಾರವೆಂದೇ ಹೇಳಬೇಕು. ಅವರ ಆ ಉತ್ತರದಿಂದಾಗಿ, ಸೆಪ್ಟೆಂಬರಿನಲ್ಲಿ ನಡೆಯುವ ಮರುಪರೀಕ್ಷೆಗೆ ನಮ್ಮ ಶಾಲೆಯನ್ನೇ ಕೇಂದ್ರ ಮಾಡಿರೆಂದು ಕೇಳಲು ನಾನು ಕಾಲ್ ಬುಕ್ ಮಾಡದೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆ. ಕಚೇರಿಯವರು ಒಪ್ಪಿದರು. ಕರಿಯಪ್ಪನೂ ಬಾಗಿಲಲ್ಲಿ ಕೂರಲು ಒಪ್ಪಿದರು, ಅಷ್ಟರೊಳಗೆ ಮಗಳ ಲಗ್ನ ಆಗದಿದ್ದರೆ.

ತಮ್ಮ ಸುಧಾರಣೆಗಾಗಿ ನನ್ನ ಕೆಲವು ವಿನಂತಿಗಳನ್ನು ಇಲ್ಲಿಯೇ ಒಪ್ಪಿಸಿಬಿಡುತ್ತೇನೆ. ದಯವಿಟ್ಟು ತಾವು ಗಿಡ್ಡವಾಗಬೇಕು. ತೀರಾ ಗಿಡ್ಡವಾಗಿರಿ ಎನ್ನಲಾರೆ. ಅದನ್ನೂ ಯೋಚಿಸಿ ನೋಡಿದ್ದೇನೆ. ಒಂದೂ ಚೀಟಿ ಇಟ್ಟುಕೊಳ್ಳದಿದ್ದರೆ ಮಧ್ಯಾಹ್ನ ವ್ಯಾಪಾರಿಗಳು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ತಂತಿ ಸುಮ್ಮನೆ ಗುಂಯ್ ಎನ್ನುತ್ತ ಖಾಲಿ ಇರುತ್ತದೆ, ಅದೂ ನಷ್ಟವೇ. ಹಳೆಯ ಗೇಣು ಸ್ವಲ್ಪ ಕಡಿಮೆಯಾಯಿತೆಂದು ದೂರುತ್ತಿದ್ದವರ ಮಾತಿನಲ್ಲಿ ನ್ಯಾಯ ಒಂದಿಷ್ಟಿತ್ತು. ಸಂಜೆ ಕಚೇರಿ ಮುಚ್ಚುವುದರೊಳಗೆ ಆ ಒಂದು ತಂತಿಯ ಮೇಲೆ ಎಷ್ಟು ಮಾತು ಸಾಗಬಲ್ಲದೋ ಅಷ್ಟು ಚೀಟಿ ಹಿಡಿಸುವ ಎತ್ತರ ಸಾಕು. ಆಲೆಮನೆಯ ಕಾಲಕ್ಕೆ ಬೆರಳಗಲ ಹೆಚ್ಚಿರಲಿ. ಅದಕ್ಕೆ ಮೇಲೆ ಬಂದವರು ಸಂಪತ್ ಕುಮಾರರೇ ಆಗಿರಲಿ, ನಾನೇ ಆಗಿರಲಿ, ಮುಖ ನೋಡದೆ ಇಲ್ಲವೆನ್ನಬೇಕು. ಮೊದಲು ಇಳಿದ ಚೀಟಿ ಮೊದಲು ಹೊರಬರುವಂತೆ, ಸಾಧ್ಯವಾದರೆ, ಬುಡದಲ್ಲಿ ಒಂದು ಬಾಗಿಲು ಮಾಡಿಕೊಳ್ಳಬೇಕು. ಹೊಸ ಚೀಟಿ ತಂದವರಿಗೆ ಅವರ ಹಳೆಯದನ್ನು ಕಿತ್ತು ಕೈಗೆ ಕೊಡಬೇಕು. ಇವೆಲ್ಲ ಕಬ್ಬಿಣದಿಂದ ಆಗದ ಕೆಲಸವೆಂದು ತಾವು ಹೇಳಬಹುದು. ಹೇಳಿದರೆ ಅದು ತಮ್ಮಿಂದ ಈ ಊರು ಕೇಳುವ ಮೊದಲನೆಯ ನಿರಾಕರಣೆಯಾಗುತ್ತದೆ, ಆ ಮಟ್ಟಿಗೆ ನನ್ನ ಪತ್ರ ಸಾರ್ಥಕ.

ಆದರೆ ಈ ಸುಧಾರಣೆಗಳಲ್ಲಿ ಒಂದನ್ನೂ ಆಷಾಢ ಹಿಡಿಯುವವರೆಗೆ ಜಾರಿಗೆ ತರಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಾರಣವನ್ನು ಮುಚ್ಚಿಡುವುದಿಲ್ಲ.

ಕಿರುಗಾವಲಿನಿಂದ ಒಂದು ಗಂಡಿನ ಕಡೆಯವರು ಬಂದು ಮಲ್ಲಿಗಮ್ಮನನ್ನು ನೋಡಿ ಮೆಚ್ಚಿಕೊಂಡು ಹೋಗಿದ್ದಾರೆ. ಅಲ್ಲಿನ ದಿನಸಿ ಅಂಗಡಿಯ ಫೋನಿಗೆ ಹೂಂ ಎಂಬ ಮಾತು ಬಂದರೆ ಆಷಾಢಕ್ಕೆ ಮೊದಲೇ ಲಗ್ನ. ಅ‍ಷ್ಟರಲ್ಲಿ ಬಾರದಿದ್ದರೆ ಬೇರೆ ಕಡೆ ನೋಡುವುದಾಗಿ ಹೇಳಿಹೋಗಿದ್ದಾರೆ. ಲಗ್ನವಾದ ಮೇಲೆಯೂ ಪರೀಕ್ಷೆ ಬರೆಯಬಹುದಲ್ಲ ಎಂದು ಕರಿಯಪ್ಪ ನನ್ನನ್ನು ಕೇಳಿದರು. ಹಾಗೆ ಹೇಳಿ ಹೋದ ಹುಡುಗಿಯರಲ್ಲಿ ವಾಪಸು ಬಂದವರನ್ನು ನಾನು ಇನ್ನೂ ನೋಡಬೇಕಾಗಿದೆ. ಮಲ್ಲಿಗಮ್ಮ ಈಗಲೂ ದಿನಾ ಸಂಜೆ ನಮ್ಮ ಮನೆಯ ವರಾಂಡಕ್ಕೆ ಗಣಿತ ಹೇಳಿಸಿಕೊಳ್ಳಲು ಬರುತ್ತಾಳೆ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದೆ. "ಪರೀಕ್ಸೆ ಮುಗೀಲಿ ಮಿಸ್, ಆಮ್ಯಾಕೆ ಯಾರ್ನಾದ್ರೂ ಕಟ್ಕತೀನಿ. ಈಗ ಈ ಲೆಕ್ಕ ಬುಡಿಸ್ಕೊಡಿ," ಎಂದು ಪುಸ್ತಕ ತಿರುಗಿಸಿ ಇಟ್ಟಳು.

ಮೊನ್ನೆ ಕವರು ಕೊಳ್ಳಲು ಅಂಚೆ ಕಚೇರಿಗೆ ಬಂದಾಗ ಕರಿಯಪ್ಪ ಕೌಂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ನಿಂತಿದ್ದರು. ಕಿರುಗಾವಲಿನ ಕರೆಯೂ ನಮ್ಮ ಆ ಒಂದೇ ತಂತಿಯಲ್ಲಿ ಮೊದಲು ಮದ್ದೂರಿಗೆ ಹೋಗಿ, ಅಲ್ಲಿಂದ ತಿರುಗಬೇಕು.

"ಮೇಡಮ್ಮೋರೆ, ಬುಕ್ ಮಾಡಿ ನಾಕೈದು ದಿನಾಯ್ತು, ಇನ್ನೂ ಕಂಬೀಲೇ ಅದಂತೆ. ಎಲ್ರಂಗೆ ಇನ್ನೊಂದು ಚೀಟಿ ಆಕುಸ್ಲಾ? ಇಲ್ಲಾ ಬಸ್ಸತ್ಕಂಡು ಓಗಿ ನಾನೇ ಯೋಳ್ಬುಡ್ಲಾ?"

ಎರಡು ಚೀಟಿ ಹಾಕುವುದು ಬೇರೆಯವರ ಸರದಿಯನ್ನು ಕದ್ದಂತೆ ಎಂದು ನಾನು ಭಾವಿಸುವುದಾಗಿ ಹೇಳಿದೆ. ಹೆಣ್ಣಿನ ಕಡೆಯವರು ತಾವಾಗಿ ಬಸ್ಸು ಹತ್ತಿ ಓಡಿಹೋಗಿ ಹೂಂ ಎಂದರೆ ಗಂಡಿನ ಕಡೆಯವರು ಹಗುರವಾಗಿ ಕಾಣುತ್ತಾರೆಂದು ನೀವೇ ಹಿಂದೆ ಹೇಳಿದ್ದಿರಲ್ಲ ಎಂದು ಕೇಳಿದೆ.

"ಅದೂ ದಿಟ ಅನ್ನಿ. ಓದ್ದೋರು ನೀವೇ ಯೋಳಿದ್ ಮ್ಯಾಲೆ ಮುಗೀತು," ಎಂದು ಅವರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋದರು.

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಸ್ವಲ್ಪ ಕಾಡುತ್ತಿದೆ.

ಆದ್ದರಿಂದ ಮಾನ್ಯರೇ, ತಮ್ಮ ಮಧ್ಯಭಾಗಕ್ಕಿಂತ ಸ್ವಲ್ಪ ಕೆಳಗೆ, ಒಂದು ಮೂಲೆ ಮಡಿಚಿದ, ಕಿರುಗಾವಲು ಎಂದು ಬರೆದ ಚೀಟಿಯೊಂದಿದೆ. ಅದನ್ನು ತಾವು ತಮಗೆ ಸಹಜವಾದ ಔದಾರ್ಯದಿಂದ ಇಟ್ಟುಕೊಂಡಿರಬೇಕು. ಅದರ ಮೇಲೆ ಬೆಲ್ಲದ ದರಗಳು ಬೀಳಲಿ, ಓಲಗದವರು ಬೀಳಲಿ, ಚಿಕ್ಕಬೋರಮ್ಮನ ಕರುಗಳು ಎಷ್ಟಿದ್ದರೂ ಬೀಳಲಿ. ತಾವು ಯಾರಿಗೂ ಇಲ್ಲವೆಂದವರಲ್ಲ, ನನಗೂ ಎನ್ನುವುದಿಲ್ಲವೆಂದು ನಂಬಿದ್ದೇನೆ.

ತಮ್ಮ ಎತ್ತರದ ಬಗ್ಗೆ ದೂರಿಟ್ಟುಕೊಂಡೂ, ಸದ್ಯಕ್ಕೆ ಆ ಎತ್ತರವನ್ನೇ ನೆಚ್ಚಿಕೊಂಡಿರುವ

ತಮ್ಮ ವಿಶ್ವಾಸಿ,
ಕನಕಲಕ್ಷ್ಮಿ

ತಾ. ಕ.: ಈ ಬಹಿರಂಗ ಪತ್ರವನ್ನು ಪ್ರಕಟಿಸಲು ಒಪ್ಪುವಿರಾ ಎಂದು ಮಂಡ್ಯದ ವಾರಪತ್ರಿಕೆಯೊಂದರ ಸಂಪಾದಕರನ್ನು ಕೇಳಬೇಕಾಗಿದೆ. ಕರಿಯಪ್ಪ ಪತ್ರಿಕೆ ಓದುವುದಿಲ್ಲ, ಆದರೆ ಅವರಿಗೆ ಓದಿ ಹೇಳುವವರಿದ್ದಾರೆ. ಹಾಗಾಗಿ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗದೆ ಇಂದು ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದೇನೆ. ಒಂದೇ ಚೀಟಿ.